ದೀಪ ಆರಿದ ಮೇಲೆ

ನಾಟಕ ಕಂಪನಿಗಳ ಇತಿಹಾಸ ಬರೆದವರು ಪರದೆ ಎಣಿಸಿದ್ದಾರೆ, ಪದಕ ಎಣಿಸಿದ್ದಾರೆ. ನೆಲದ ಮೇಲೆ ಕೂತವರನ್ನು ಎಣಿಸುವ ಗೋಜಿಗೆ ಹೋದವರು ಕಡಿಮೆ. ಜಮಖಂಡಿಯಲ್ಲಿ ಪಾಠ ಹೇಳುವ ನನಗೆ ಮುಂಬಯಿಯ ರಾಯಲ್ ಆಪೆರಾ ಹೌಸಿನ ಕಥೆ ಓದುವಾಗ ಈ ಮಾತು ಮತ್ತೆ ಮತ್ತೆ ಕಾಡಿತು.

1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದ ರಂಗಮಂದಿರವದು. ವಿಲಾಯಿತಿ ತಂಡಗಳು ಕುಣಿದ ಅಲ್ಲಿ ಮುಂದೆ ಬಾಲಗಂಧರ್ವರೂ ಹಾಡಿದರು. 1930ರ ದಶಕದಲ್ಲಿ ಅದು ಸಿನೆಮಾ ಥೇಟರಾಯಿತು. 1993ರಲ್ಲಿ ಬಾಗಿಲು ಮುಚ್ಚಿ, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಅದರ ಗೊಂಚಲುದೀಪ, ಗುಮ್ಮಟ, ಬಾಕ್ಸುಗಳನ್ನು ವರ್ಣಿಸಿ, ಸಿನೆಮಾ ಬಂದು ರಂಗಭೂಮಿ ಹಾಳಾಯಿತೆಂದು ನಿಟ್ಟುಸಿರು ಬಿಡುವುದು ರೂಢಿ. ಯಾರ ರಂಗಭೂಮಿ? ಹಾಳಾದದ್ದು ಯಾರಿಗೆ?

ನನ್ನ ಅಜ್ಜ ಹಲಗಿ ಬಾರಿಸಿ ಊರಿಗೆಲ್ಲ ನಾಟಕದ ಸುದ್ದಿ ಸಾರುತ್ತಿದ್ದ. ರಾತ್ರಿ ಮಾತ್ರ ಡೇರೆಯ ಹಿಂದೆ ನಿಂತು ಹಾಡು ಕೇಳುತ್ತಿದ್ದ. ಒಳಗೆ ಪೆಟ್ರೊಮ್ಯಾಕ್ಸ್ ಉರಿಯುತ್ತಿತ್ತು. ಯಾರು ಯಾರ ಮಗ್ಗುಲಿಗೆ ಕೂತರೆಂದು ಊರಿಗೇ ಕಾಣುತ್ತಿತ್ತು. ಟಾಕೀಸು ಬಂದ ಮೇಲೆ ಅಜ್ಜ ನೆಲದ ತಿಕೀಟು ತಗೊಂಡು ಒಳಗೆ ಹೋದ. ನಾನು ಕೆದಕಿ ಕೇಳಿದಾಗ ಅಂದ: "ದೀಪ ಆರಿಸ್ತಾರ ನೋಡಪಾ, ಆವಾಗ ನಾನೂ ಮಂದ್ಯಾಗ ಮಂದಿ ಆಕ್ಕಿದ್ದೆ."

ನಮ್ಮ ಬೀಳಗಿಯ ಅಕ್ಕತಂಗಿಯರನ್ನು ಈ ಮಾತಿನ ಜೊತೆಗಿಟ್ಟು ನೋಡಬೇಕು. ಅಮೀರ್‌ಬಾಯಿ ಮತ್ತು ಗೋಹರಬಾಯಿ ಕರ್ನಾಟಕಿ. ಸೀರೆಯುಟ್ಟ ಬಾಲಗಂಧರ್ವರನ್ನು ಹೊತ್ತು ಮೆರೆಸಿದ ಮಂದಿಯೇ, ಅವರ ಜೊತೆ ನಟಿಸಿ ಬಾಳಿದ ಗೋಹರಬಾಯಿಯನ್ನು ಅವರ ಅವನತಿಗೆ ಕಾರಣಳೆಂದು ದೂರಿದರು. ಹೆಣ್ಣಿನ ವೇಷಕ್ಕೆ ಸಿಕ್ಕ ಮಾನ ಹೆಣ್ಣಿಗೇ ಸಿಗಲಿಲ್ಲ. ಅದರಲ್ಲೂ ಆಕೆ ಹಾಡುವ ಮುಸ್ಲಿಂ ಹೆಣ್ಣು. ಅತ್ತ ಅಮೀರ್‌ಬಾಯಿಯ ದನಿ 1943ರ 'ಕಿಸ್ಮತ್' ಚಿತ್ರದಿಂದ ದೇಶದ ತುಂಬ ಹಬ್ಬಿತು. ಬಿಜಾಪುರದಲ್ಲಿ ಆಕೆಯ ಹೆಸರಲ್ಲೇ ಅಮೀರ್ ಟಾಕೀಸು ಎದ್ದಿತು. ರಂಗದ ಮೇಲೆ ಹಗುರಾಗಿ ಕಂಡ ಹೆಂಗಸರಿಗೆ ಒಂದು ಕಟ್ಟಡದ ಹಣೆಯ ಮೇಲೆ ಹೆಸರು ಬರೆಸುವಷ್ಟು ಜಾಗ ಸಿನೆಮಾದಿಂದ ಸಿಕ್ಕಿತು.

ಹಾಗಂತ ಸಿನೆಮಾ ನಮ್ಮನ್ನು ಬಿಡುಗಡೆ ಮಾಡಿತು ಅಂದರೆ ಅದೂ ಸುಳ್ಳೇ. ಇಂಟರ್ವಲ್ಲಿನಲ್ಲಿ ದೀಪ ಹತ್ತುತ್ತಿತ್ತು. ಹೊರಗಿನ ಚಾದ ಅಂಗಡಿಯಲ್ಲಿ ಅಜ್ಜನ ಕಪ್ಪು ಬೇರೆ ಇತ್ತು, ಕುಡಿದು ತಾನೇ ತೊಳೆದಿಡಬೇಕಿತ್ತು. ಪರದೆಯ ಮೇಲೂ ಅವನಂಥವನು ಕಂಡಿದ್ದು ಎಷ್ಟು ಸಲ? ಕತ್ತಲೆ ಜಾತಿಯನ್ನು ಮುಚ್ಚಿತೇ ಹೊರತು ಅಳಿಸಲಿಲ್ಲ. ಆದರೂ ಎರಡೂವರೆ ತಾಸಿನ ಆ ಕತ್ತಲೆಯನ್ನು ಅಜ್ಜ ದುಡ್ಡು ಕೊಟ್ಟು ಕೊಂಡಿದ್ದ; ಅದು ಯಾರೂ ಕೊಟ್ಟ ಭಿಕ್ಷೆಯಾಗಿರಲಿಲ್ಲ. ಕಂಪನಿಯ ಕಾಲಕ್ಕಾಗಿ ಕಣ್ಣೀರಿಡುವ ವಿಮರ್ಶೆಗೆ ಈ ವ್ಯತ್ಯಾಸ ಕಾಣುವುದಿಲ್ಲ, ಯಾಕಂದರೆ ಅದು ಯಾವಾಗಲೂ ಖುರ್ಚಿಯಲ್ಲಿ ಕೂತೇ ನಾಟಕ ನೋಡಿದೆ.

ದಲಿತ ವಿಮರ್ಶೆ ಪಠ್ಯದಿಂದಷ್ಟೇ ಶುರುವಾದರೆ ಸಾಲದು. ಬಾಗಿಲು ಯಾರಿಗೆ ತೆರೆದಿತ್ತು, ದೀಪ ಯಾರ ಮೇಲೆ ಬಿತ್ತು, ಕಸ ಯಾರು ಗುಡಿಸಿದರು ಎಂದು ಮೊದಲು ಕೇಳಬೇಕು. ಮುಧೋಳ, ರಬಕವಿ-ಬನಹಟ್ಟಿಯ ಕೇರಿಗಳಲ್ಲಿ ಡೇರೆಯ ಹಿಂದೆ ನಿಂತು ನಾಟಕ ಕೇಳಿದ ಮುದುಕರು, ಮುದುಕಿಯರು ಇನ್ನೂ ಇದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಗ್ರಂಥಾಲಯಕ್ಕೆ ಹೋಗುವ ಮೊದಲು ಅವರ ಕಟ್ಟೆಗೆ ಹೋಗಿ ಕೂಡ್ರಿ. ಅವರು ಹೋದರೆ ಉಳಿಯುವುದು ಗೊಂಚಲುದೀಪದ ಇತಿಹಾಸ ಮಾತ್ರ.