ಬಡನಾಡುಗಳಲ್ಲಿ ತಾಯಿಮಕ್ಕಳ ಆರೋಗ್ಯದ ತಾರತಮ್ಯ: ಅಳತೆಗೋಲಿನ ವಿಮರ್ಶೆ

ಆದಾಯದ ಲೆಕ್ಕ ದೊರೆಯದ ನಾಡುಗಳಲ್ಲಿ ಬಡವರಾರು, ಉಳ್ಳವರಾರು ಎಂದು ನಿರ್ಣಯಿಸುವುದು ಬಹುಕಾಲ ಕಷ್ಟಸಾಧ್ಯವಾಗಿದ್ದಿತು. 2001ರಲ್ಲಿ ಡಿಯಾನ್ ಫಿಲ್ಮರ್ ಮತ್ತು ಲ್ಯಾಂಟ್ ಪ್ರಿಚೆಟ್ ಎಂಬ ವಿದ್ವಾಂಸರು ಭಾರತದ ಸಮೀಕ್ಷೆಯೊಂದನ್ನು ಆಧರಿಸಿ ಇದಕ್ಕೊಂದು ಉಪಾಯವನ್ನು ಪ್ರತಿಪಾದಿಸಿದರು. ಮನೆಯಲ್ಲಿ ಸೈಕಲ್ಲು, ರೇಡಿಯೋ, ವಿದ್ಯುದ್ದೀಪಗಳುಂಟೇ, ಕುಡಿಯುವ ನೀರು ಎಲ್ಲಿಯದು ಎಂದು ಮುಂತಾಗಿ ಕೇಳಿ, ಉತ್ತರಗಳನ್ನು ಒಂದೇ ಸೂಚ್ಯಂಕವಾಗಿ ಕೂಡಿಸುವುದೇ ಆ ಉಪಾಯ. ಅವರು ಅದನ್ನು ಪ್ರಯೋಗಿಸಿದುದು ಮಕ್ಕಳು ಶಾಲೆಗೆ ಸೇರುವ ವಿಚಾರದಲ್ಲಿ. ಆರೋಗ್ಯಶೋಧಕರೂ ಇಂತಹ ಸೂಚ್ಯಂಕವನ್ನೇ ಹಿಡಿದು, ಜನರನ್ನು ಐದು ಸಮಭಾಗಗಳಾಗಿ ವಿಂಗಡಿಸಿ, ಹೆರಿಗೆ, ಲಸಿಕೆ, ಶಿಶುಮರಣಗಳನ್ನು ಭಾಗಶಃ ಗಣಿಸುವುದು ರೂಢಿಗೆ ಬಂದಿತು. ದೇಶದ ಸರಾಸರಿಯು ಮರೆಮಾಡಿದ್ದ ಅನ್ಯಾಯವು ಇದರಿಂದ ಬೆಳಕಿಗೆ ಬಂದಿತೆಂಬುದು ನಿರ್ವಿವಾದ.

ಆದರೆ ಈ ಗೋಲಿನ ದೋಷಗಳನ್ನೂ ಅರಿಯಬೇಕು. ನಲ್ಲಿ, ವಿದ್ಯುತ್ತುಗಳು ಪಟ್ಟಣದ ಕುರುಹುಗಳು. ಅವುಗಳಿಗೆ ಹೆಚ್ಚಿನ ತೂಕ ಬಿದ್ದಲ್ಲಿ ಹೊಲ, ದನಕರುಗಳುಳ್ಳ ಒಕ್ಕಲಿಗನೂ ದರಿದ್ರನೆಂದು ಗಣಿಸಲ್ಪಡುವನು. ಅಲ್ಲದೆ ಕಡೆಯ ಐದನೆಯ ಭಾಗವೆಂಬುದು ಆಯಾ ದೇಶಕ್ಕೆ ಮಾತ್ರ ಸಲ್ಲುವ ಮಾತು. ಒಂದು ದೇಶದ ಕಡೆಯವರು ಇನ್ನೊಂದರ ನಡುವಿನವರಿಗಿಂತ ಸ್ಥಿತಿವಂತರಾಗಿರಬಹುದು.

ಲೆಕ್ಕದ ರೀತಿಯಿಂದಲೇ ತೀರ್ಮಾನವು ತಿರುಗುವುದೂ ಉಂಟು. ಒಂದು ನಾಡಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಬಡವರ 100, ಸಿರಿವಂತರ 50 ಮಕ್ಕಳು ಸಾಯುತ್ತಿದ್ದು, ಕೆಲವು ವರ್ಷಗಳ ತರುವಾಯ ಅವು 50 ಮತ್ತು 20ಕ್ಕೆ ಇಳಿದುವೆಂದು ಭಾವಿಸೋಣ. ಅಂತರವು 50ರಿಂದ 30ಕ್ಕೆ ಇಳಿಯಿತು. ಅನುಪಾತವಾದರೋ ಎರಡರಿಂದ ಎರಡೂವರೆಗೆ ಏರಿತು. ತಾರತಮ್ಯವು ತಗ್ಗಿತೆಂದು ಸರಕಾರವೂ, ಹೆಚ್ಚಿತೆಂದು ಟೀಕಾಕಾರನೂ ಹೇಳಬಹುದು, ಇಬ್ಬರದೂ ಸುಳ್ಳಲ್ಲ. ಎರಡನ್ನೂ ಕೊಡದ ವರದಿಯು ಅರ್ಧಸತ್ಯವೇ ಸರಿ.

ಎಲ್ಲಕ್ಕಿಂತ ಗುರುತರವಾದುದು ಮತ್ತೊಂದು ಕೊರತೆ. ಇಂತಹ ಸಮೀಕ್ಷೆಗಳಲ್ಲಿ ಶಿಶುಮರಣದ ವೃತ್ತಾಂತವನ್ನು ಹೇಳುವವಳು ಬದುಕಿರುವ ತಾಯಿ. ಹೆರಿಗೆಯಲ್ಲಿ ತೀರಿಕೊಂಡವಳನ್ನು ಕೇಳುವಂತಿಲ್ಲ. ಅವಳ ಹಿಂದೆ ಹೋದ ಕೂಸೂ ಲೆಕ್ಕಕ್ಕೆ ಬಾರದು. ಈ ಕೊರತೆಯನ್ನು ನೀಗಲು ವೆಂಡಿ ಗ್ರಹಾಂ ಮತ್ತು ಸಂಗಡಿಗರು 1989ರಲ್ಲಿ, ಗ್ಯಾಂಬಿಯಾ ದೇಶದ ಪರೀಕ್ಷೆಯೊಡನೆ, ಒಡಹುಟ್ಟಿದವರಿಂದ ಸತ್ತ ಸೋದರಿಯರ ವಿಷಯವನ್ನು ಕೇಳಿ ತಿಳಿಯುವ ಕ್ರಮವನ್ನು ಪ್ರಕಟಿಸಿದರು. ಅದು ಜಾಣ್ಮೆಯ ಕ್ರಮ. ಆದರೂ ಉತ್ತರವಿತ್ತವರ ಮನೆಯ ಸಿರಿಯು ಸತ್ತವಳ ಮನೆಯ ಸಿರಿಯಲ್ಲ; ಆದುದರಿಂದ ಅವಳು ಬಡವಳೋ ಅಲ್ಲವೋ ಎಂಬುದು ಅಲ್ಲಿಯೂ ತಿಳಿಯದೆ ಉಳಿಯುವುದು.

ಇದರಿಂದ ಸಮೀಕ್ಷೆಗಳು ವ್ಯರ್ಥವೆಂದಾಗದು. ಜನನಮರಣಗಳ ದಾಖಲೆಯು ಪ್ರತಿ ಗ್ರಾಮದಲ್ಲಿಯೂ ಪೂರ್ಣವಾಗುವವರೆಗೆ ಅವೇ ಗತಿ. ಆದರೆ ಯಾರಿಗೆ ಅತ್ಯಧಿಕ ಅನ್ಯಾಯವಾಯಿತೋ ಅವರೇ ಎಣಿಕೆಯಿಂದ ಜಾರಿಹೋಗುವರೆಂಬುದನ್ನು, ಅಂಕೆಗಳನ್ನು ನಂಬಿ ಹಣ ಹಂಚುವವರು ಮರೆಯಲಾಗದು.