ರಸಿಕರ ರೋಷವೂ ವಿಮರ್ಶಕನ ಧರ್ಮವೂ

ಕಳೆದ ಸಂಚಿಕೆಯಲ್ಲಿ ನಾನು ಬರೆದ ಒಂದು ಚಿಕ್ಕ ಲೇಖವು ನಮ್ಮ ಭಾಗದ ತರುಣರಲ್ಲಿ ಬಹಳ ಕೋಪವನ್ನುಂಟುಮಾಡಿದೆ. ಘಟಪ್ರಭೆಯಲ್ಲಿ ಕೆಲವು ಯುವಕರು ಎಲೆಕ್ಟ್ರಿಕ್ ಗಿಟಾರ್, ಡ್ರಮ್ ಮೊದಲಾದ ವಾದ್ಯಗಳನ್ನಿಟ್ಟುಕೊಂಡು ಶಿಶುನಾಳ ಶರೀಫರ ತತ್ವಪದಗಳನ್ನೂ ಶ್ರೀಕೃಷ್ಣ ಪಾರಿಜಾತದ ಪದಗಳನ್ನೂ ರಾಕ್ ಎಂಬ ಪಾಶ್ಚಾತ್ಯ ಪದ್ಧತಿಯಲ್ಲಿ ಹಾಡಿದರು. ಅದು ಸಂಗೀತವಲ್ಲ, ಬರಿಯ ಸಪ್ಪಳವೆಂದು ನಾನು ಬರೆದೆನು. ಅದಕ್ಕೆ ಉತ್ತರವಾಗಿ ನನಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನನ್ನ ವಯಸ್ಸನ್ನೂ ನನ್ನ ಕಿವಿಯನ್ನೂ ಕುರಿತವು. ಸಂಗೀತವನ್ನು ಕುರಿತವು ಕಡಿಮೆ. ಅವುಗಳಿಗೆ ಉತ್ತರ ಬರೆಯುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಆದರೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು ನಮಸ್ಕರಿಸಿ, ನಿಂತುಕೊಂಡೇ ಹೇಳಿದನು: “ಗುರುಗಳ, ನೀವು ಎರಡನೇ ಪದಕ್ಕ ಎದ್ದು ಹೋದ್ರಿ. ಉಳಿದದ್ದು ಕೇಳದ ಹೆಂಗ ಬರದ್ರಿ?”

ಈ ಮಾತು ನಿಜವಾಗಿತ್ತು. ಆದಕಾರಣ ಈ ಲೇಖವನ್ನು ಬರೆಯುತ್ತಿದ್ದೇನೆ.

ಹೊಸ ಸಂಗೀತವನ್ನು ಪರೀಕ್ಷಕನು ಹಳಿಯುವುದೂ, ರಸಿಕರು ಪರೀಕ್ಷಕನನ್ನು ಹಳಿಯುವುದೂ ಹೊಸ ಸಂಗತಿಯೇನಲ್ಲ. ಹಾರ್ಮೋನಿಯಮ್ಮಿನ ಕಥೆಯನ್ನೇ ನೋಡಿರಿ. 1842ರಲ್ಲಿ ಪ್ಯಾರಿಸ್ ನಗರದಲ್ಲಿ ಪೇಟೆಂಟು ಪಡೆದ ಈ ವಾದ್ಯವು ನಮ್ಮ ದೇಶಕ್ಕೆ ಬಂದು ಕೈತಿದಿಯ ಪೇಟಿಯಾಯಿತು. ಅದರ ಸ್ವರಗಳು ಕಟ್ಟಿಟ್ಟ ಸ್ವರಗಳು. ಅದರಲ್ಲಿ ಮೀಂಡು ಇಲ್ಲ, ಶ್ರುತಿಸೂಕ್ಷ್ಮವಿಲ್ಲ. ಈ ಆಕ್ಷೇಪಣೆ ಸುಳ್ಳಲ್ಲ. ಇದನ್ನೇ ಮುಂದಿಟ್ಟು 1940ರಲ್ಲಿ ಆಕಾಶವಾಣಿಯು ಪೇಟಿಯನ್ನು ತನ್ನ ಕೇಂದ್ರಗಳಿಂದ ಹೊರಗೆ ಹಾಕಿತು. ಮೂವತ್ತು ವರ್ಷಗಳ ತರುವಾಯ, 1971ರಲ್ಲಿ, ಆ ನಿಷೇಧವು ಸಡಿಲವಾಯಿತು. ಅಷ್ಟರೊಳಗೆ ನಮ್ಮ ಪಾರಿಜಾತದ ಮೇಳಕ್ಕೆ ಪೇಟಿಯಿಲ್ಲದೆ ಪದವೇಳದಂತಾಗಿತ್ತು. ಕುಲಗೋಡ ತಮ್ಮಣ್ಣನವರು ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮನವರು ಊರೂರಿಗೆ ಮುಟ್ಟಿಸಿದ ಆ ಆಟವನ್ನು ಇಂದು ನೋಡುವವರಲ್ಲಿ ಪೇಟಿಯು ಪರದೇಶದ್ದೆಂದು ನೆನೆಯುವವರು ಯಾರಿದ್ದಾರೆ? ನಾನು ಗಿಟಾರನ್ನು ಪರಕೀಯವೆಂದು ಹಳಿದಾಗ ನನಗೆ ಪೇಟಿಯ ನೆನಪಾಗಲಿಲ್ಲ. ಇದು ನನ್ನ ಮೊದಲನೆಯ ದೋಷವು.

ಇದಕ್ಕಿಂತ ದೊಡ್ಡ ದೃಷ್ಟಾಂತವು ಡಾ. ಬಿ. ವಿ. ಕೇಸಕರರದು. 1952ರಿಂದ 1962ರ ವರೆಗೆ ಕೇಂದ್ರ ಸರಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾಗಿದ್ದ ಅವರು ಶಾಸ್ತ್ರೀಯ ಸಂಗೀತದ ನಿಜವಾದ ಅಭಿಮಾನಿಗಳು. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವು 1952ರಲ್ಲಿ ಆರಂಭವಾದುದು ಅವರ ಕಾಲದಲ್ಲಿಯೇ. ಆದರೆ ಚಿತ್ರಪಟಗಳ ಹಾಡು ಅವರಿಗೆ ಕೀಳಾಗಿ ಕಂಡಿತು. ಆಕಾಶವಾಣಿಯಲ್ಲಿ ಆ ಹಾಡುಗಳ ವೇಳೆಯನ್ನು ಮೊಟಕುಗೊಳಿಸಿದರು. ಚಿತ್ರದ ಹೆಸರನ್ನು ಹೇಳುವುದು ಜಾಹಿರಾತೆಂದು ನಿಲ್ಲಿಸಿದರು. ನಿರ್ಮಾಪಕರೊಡನೆ ಜಗಳವಾಗಿ ಆ ಹಾಡುಗಳೇ ಇಲ್ಲವಾದವು. ಆಗ ಕೇಳುಗರು ಮಾಡಿದುದೇನು? ಅವರು ಲೇಖ ಬರೆದು ವಾದಿಸಲಿಲ್ಲ. ರೇಡಿಯೋದ ಮುಳ್ಳನ್ನು ತಿರುವಿ ಸಿಲೋನಿನ ಕಡೆಗೆ ಹೋದರು. ಅದೇ 1952ರ ಕೊನೆಯಲ್ಲಿ ಅಮೀನ ಸಯಾನಿಯವರ ಬಿನಾಕಾ ಗೀತಮಾಲೆಯು ಅಲ್ಲಿಂದ ಆರಂಭವಾಗಿ ಮನೆಮಾತಾಯಿತು. ಐದು ವರ್ಷಗಳೊಳಗೆ, 1957ರ ಅಕ್ಟೋಬರ್ 3ರಂದು, ಆಕಾಶವಾಣಿಯೇ ವಿವಿಧಭಾರತಿಯನ್ನು ತೆರೆಯಬೇಕಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಲಕ್ಷಿಸಬೇಕು. ಕೇಸಕರರು ಒಂದೊಂದು ಹಾಡನ್ನು ಪರೀಕ್ಷಿಸಿ ತೀರ್ಪು ಕೊಡಲಿಲ್ಲ, ಜಾತಿಯನ್ನೇ ಬಹಿಷ್ಕರಿಸಿದರು. ಅದೇ 1952ರಲ್ಲಿ ಬಂದ ‘ಬೈಜು ಬಾವರಾ’ ಚಿತ್ರದಲ್ಲಿ ಉಸ್ತಾದ ಅಮೀರಖಾನರೂ ಪಂಡಿತ ಡಿ. ವಿ. ಪಲುಸ್ಕರರೂ ಹಾಡಿದ್ದರೆಂಬುದನ್ನು ನೆನೆದರೆ, ಜಾತಿಯನ್ನು ನೋಡಿ ಕೊಟ್ಟ ತೀರ್ಪು ಎಷ್ಟು ಕುರುಡಾಗಬಲ್ಲದೆಂಬುದು ತಿಳಿಯುತ್ತದೆ. ಎರಡನೆಯದಾಗಿ, ವಿಮರ್ಶೆಗೆ ಅಧಿಕಾರವು ಜೊತೆಗೂಡಿದೊಡನೆ ಅದು ವಿಮರ್ಶೆಯಾಗಿ ಉಳಿಯುವುದಿಲ್ಲ. ಮಾತಿಗೆ ಪ್ರತಿಮಾತು ಉಂಟು; ಮುಚ್ಚಿದ ಬಾಗಿಲಿಗೆ ಉತ್ತರವೆಂದರೆ ಬೇರೆ ಬಾಗಿಲು. ಕೇಳುಗರು ದೂರ ಹೋದುದರಿಂದ ಶಾಸ್ತ್ರೀಯ ಸಂಗೀತಕ್ಕೆ ಲಾಭವೇನೂ ಆಗಲಿಲ್ಲ.

ರಾಕ್ ಸಂಗೀತದ ತವರಿನಲ್ಲಿಯೂ ಇದೇ ಕಥೆ. ಲೆಡ್ ಜೆಪ್ಪೆಲಿನ್ ಎಂಬ ಇಂಗ್ಲೆಂಡಿನ ಮೇಳದ ಮೊದಲ ಧ್ವನಿಮುದ್ರಿಕೆಯನ್ನು 1969ರಲ್ಲಿ ಅಮೇರಿಕೆಯ ‘ರೋಲಿಂಗ್ ಸ್ಟೋನ್’ ಪತ್ರಿಕೆಯು ಜರೆಯಿತು. ರಸಿಕರು ಅದಕ್ಕೆ ಕಿವಿಗೊಡದೆ ಮುದ್ರಿಕೆಯನ್ನು ಕೊಂಡರು. 2003ರಲ್ಲಿ ಅದೇ ಪತ್ರಿಕೆಯು ಶ್ರೇಷ್ಠವಾದ ಐನೂರು ಮುದ್ರಿಕೆಗಳನ್ನು ಎಣಿಸುವಾಗ ಅದಕ್ಕೆ 29ನೆಯ ಸ್ಥಾನವನ್ನು ಕೊಟ್ಟಿತು. ಇದರಿಂದ ರಸಿಕರೇ ಯಾವಾಗಲೂ ಸರಿಯೆಂದು ಸಿದ್ಧವಾಗುವುದಿಲ್ಲ. ಜನರು ಕೊಂಡು ಮರೆತ ಮುದ್ರಿಕೆಗಳು ಅಸಂಖ್ಯ. ಕಾಲವು ಪರೀಕ್ಷಕನನ್ನೂ ಪರೀಕ್ಷಿಸುತ್ತದೆ ಎಂಬಷ್ಟೇ ಇದರ ಅರ್ಥವು.

ಈಗ ನಾನು ಓದಿದ ಶಾಸ್ತ್ರವು ಏನು ಹೇಳುತ್ತದೆಂಬುದನ್ನು ನೋಡೋಣ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿಚಾರಿಸುವಾಗ, ಪ್ರೇಕ್ಷಕರ ಅಭಿರುಚಿಯು ವಯಸ್ಸಿನಿಂದಲೂ ಸ್ವಭಾವದಿಂದಲೂ ಬೇರೆಬೇರೆಯಾಗಿರುವುದೆಂದು ಒಪ್ಪುತ್ತಾನೆ. ತರುಣರಿಗೆ ಶೃಂಗಾರವು, ಶೂರರಿಗೆ ರೌದ್ರಾದಿಗಳು, ವೃದ್ಧರಿಗೆ ಪುರಾಣಕಥೆಯು ರುಚಿಸುವುದು ಸಹಜವೆನ್ನುತ್ತಾನೆ. ಅದನ್ನು ಯಾರ ದೋಷವೆಂದೂ ಎಣಿಸುವುದಿಲ್ಲ. ಕೂಗಾಟದಿಂದ, ಸೆಗಣಿ ಹೆಂಟೆಗಳನ್ನು ಎಸೆಯುವುದರಿಂದ ಪ್ರಯೋಗಕ್ಕೆ ಒದಗುವ ವಿಘ್ನವನ್ನೂ ಆತನು ಹೇಳಿದ್ದಾನೆ. ಹೆಂಟೆ ಎಸೆಯುವವರು ಆ ಕಾಲದಲ್ಲಿಯೂ ಇದ್ದರೆಂದಾಯಿತು. ನನಗೆ ಬಂದ ಕೆಲವು ಪತ್ರಗಳು ಇದೇ ವರ್ಗಕ್ಕೆ ಸೇರಿದವು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಪ್ರಾಶ್ನಿಕರ, ಎಂದರೆ ತೀರ್ಪುಗಾರರ, ಪ್ರಕರಣವು. ಭರತನು ಒಬ್ಬನೇ ಸರ್ವಜ್ಞನನ್ನು ಕೂರಿಸಿ ಎಲ್ಲವನ್ನೂ ನಿರ್ಣಯಿಸೆನ್ನುವುದಿಲ್ಲ. ಯಜ್ಞದ ವಿಷಯಕ್ಕೆ ಯಾಜ್ಞಿಕನು, ಛಂದಸ್ಸಿಗೆ ಛಂದೋಜ್ಞನು, ಶಬ್ದಕ್ಕೆ ವೈಯಾಕರಣನು, ಅಸ್ತ್ರಕ್ಕೆ ಬಿಲ್ಲುಗಾರನು, ಸ್ವರತಾಲಗಳಿಗೆ ಗಾಯಕನು—ಹೀಗೆ ಒಬ್ಬೊಬ್ಬರಿಗೂ ಅವರವರ ಕ್ಷೇತ್ರವನ್ನು ಗೊತ್ತುಮಾಡುತ್ತಾನೆ. ಈ ಪಂಕ್ತಿಯಲ್ಲಿ ನನಗೆ ಸ್ಥಾನವಿದ್ದರೆ ಅದು ಶಬ್ದದ ಬಳಿಯಲ್ಲಿ ಮಾತ್ರ. ಗಿಟಾರಿನ ತಂತಿಯ ಮೇಲೆ ಬೆರಳು ಹೇಗೆ ನಡೆಯಬೇಕು, ಡ್ರಮ್ಮಿನ ಲಯವು ಹೇಗೆ ಕಟ್ಟಿಕೊಳ್ಳಬೇಕು ಎಂಬುದರಲ್ಲಿ ನಾನು ಪ್ರಾಶ್ನಿಕನಲ್ಲ. ಅಲ್ಲಿ ತೀರ್ಪು ಕೊಟ್ಟುದು ನನ್ನ ಎರಡನೆಯ ದೋಷವು. ಎರಡನೆಯ ಪದಕ್ಕೇ ಎದ್ದು ಬಂದುದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಪೂರ್ತಿ ಓದದೆ ಉತ್ತರಪತ್ರಿಕೆಗೆ ಅಂಕ ಹಾಕಿದ ಮಾಸ್ತರನನ್ನು ನಾನು ನನ್ನ ನೌಕರಿಯ ಕಾಲದಲ್ಲಿ ಎಂದೂ ಕ್ಷಮಿಸಲಿಲ್ಲ.

ಆದರೂ ಶಬ್ದದ ವಿಷಯದಲ್ಲಿ ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆನು. ಶರೀಫರ ಪದದ ಪ್ರಾಣವಿರುವುದು ಅದರ ಒಗಟಿನಲ್ಲಿ. ಸೋರುವ ಮಾಳಿಗೆ, ಕೋಡಗ, ಕೋಳಿ ಎಂಬ ದಿನಬಳಕೆಯ ಮಾತಿನೊಳಗೆ ತತ್ತ್ವವನ್ನು ಮುಚ್ಚಿಟ್ಟವರು ಅವರು. ಆ ಮಾತು ಕೇಳಿಸಿದರಲ್ಲವೇ ಮುಚ್ಚಿಟ್ಟುದನ್ನು ಹುಡುಕುವುದು? ನಾನು ಕೇಳಿದ ಎರಡು ಪದಗಳಲ್ಲಿ ವಾದ್ಯದ ಅಬ್ಬರದೊಳಗೆ ಶಬ್ದಗಳು ಮುಳುಗಿಹೋದವು. ಮಾತು ಬೇಡವೆಂದಿದ್ದರೆ ಶರೀಫರು ಯಾತಕ್ಕೆ?

ತರುಣರಿಗೂ ಎರಡು ಮಾತು. ಮೆಚ್ಚಿದ ಕಲೆಯನ್ನು ಯಾರಾದರೂ ಹಳಿದರೆ ನೋವಾಗುವುದು ಪ್ರೀತಿಯ ಲಕ್ಷಣವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷಕನ ವಯಸ್ಸು ವಾದವಲ್ಲ, ಅವನ ಕುಲವೂ ವಾದವಲ್ಲ. ಎಲ್ಲಿ ತಪ್ಪು ಕೇಳಿದ, ಯಾವುದನ್ನು ಬಿಟ್ಟ, ಯಾವ ಕಾರಣವು ನಿಲ್ಲುವುದಿಲ್ಲ ಎಂಬುದನ್ನು ತೋರಿಸುವುದೇ ಉತ್ತರವು. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಘರಾಣೆಯ ಕಟ್ಟನ್ನು ಮೀರಿದರೆಂಬ ಆಕ್ಷೇಪವನ್ನು ಬಹುಕಾಲ ಹೊತ್ತರು. ಹೊಸ ರಾಗಗಳನ್ನು ಕಟ್ಟಿ, 1965ರಲ್ಲಿ ‘ಅನೂಪರಾಗವಿಲಾಸ’ವನ್ನು ಪ್ರಕಟಿಸಿ, ಹಾಡುತ್ತಲೇ ಹೋದರು. ಕಲಾವಿದನ ಉತ್ತರವು ಅದು. ರಸಿಕನ ಉತ್ತರವು ನನ್ನ ಆ ವಿದ್ಯಾರ್ಥಿಯದು: ಒಂದೇ ಪ್ರಶ್ನೆ, ಅದೂ ನಿಜವಾದ ಪ್ರಶ್ನೆ.

ಅವನಿಗೆ ನಾನು ಅಂದು ಹೇಳಿದೆನು: “ತಮ್ಮಾ, ಇನ್ನೊಮ್ಮೆ ನಿಮ್ಮ ಮೇಳ ಕೂಡಿದಾಗ ನನ್ನನ್ನು ಕರಿ. ಮಂಗಳಾರತಿಯ ತನಕ ಕೂಡ್ರುತ್ತೇನೆ.” ಅವನು ನಕ್ಕು, “ಮುಂದಿನ ಸಾಲಿನ್ಯಾಗ ಬ್ಯಾಡ್ರಿ ಗುರುಗಳ, ಸ್ವಲ್ಪ ಹಿಂದ ಕೂಡ್ರಿ, ಮಾತು ಅಲ್ಲಿ ಛಲೋ ಕೇಳಸ್ತಾವು” ಎಂದನು. ಹಾಗೆಯೇ ಮಾಡುವೆನು. ಕೇಳಿ ಬಂದ ಮೇಲೆ ಇದೇ ಪತ್ರಿಕೆಯಲ್ಲಿ ಪುನಃ ಬರೆಯುವೆನು. ಮೆಚ್ಚಿದರೂ ಬರೆಯುವೆನು, ಮೆಚ್ಚದಿದ್ದರೂ ಬರೆಯುವೆನು.