ಉಸಿರಾಡುವ ಲೋಹಿತಾಶ್ವ

ಬೆಳ್ತಂಗಡಿ ಸೀಮೆಯ ಯಕ್ಷಗಾನ ಬಯಲಾಟಗಳಲ್ಲಿ ದೇವಿ ಮಹಾತ್ಮೆಯಂಥ ಅಬ್ಬರದ ಪ್ರಸಂಗಗಳಿಗೆ ಜನ ಸೇರುವುದು ಹೆಚ್ಚು. ಆದರೂ ‘ಸತ್ಯ ಹರಿಶ್ಚಂದ್ರ’ ಇದೆಯೆಂದರೆ ಸ್ಮಶಾನದ ಭಾಗಕ್ಕೆಂದೇ ನಿದ್ದೆಗೆಟ್ಟು ಕಾಯುವವರಿದ್ದಾರೆ. ನಾನೂ ಅವರಲ್ಲೊಬ್ಬ.

ದರ್ಭೆ ತರಲು ಹೋದ ಲೋಹಿತಾಶ್ವ ಹಾವು ಕಚ್ಚಿ ಸತ್ತಿದ್ದಾನೆ. ಮಗನ ಹೆಣ ಹೊತ್ತು ಬಂದ ಚಂದ್ರಮತಿಯನ್ನು ಸುಡುಗಾಡು ಕಾಯುವ ಹರಿಶ್ಚಂದ್ರ ತಡೆದು ತೆರಿಗೆ ಕೇಳುತ್ತಾನೆ. 13ನೆಯ ಶತಮಾನದ ರಾಘವಾಂಕನ ಕಾವ್ಯದಲ್ಲೂ ಓದುಗರ ಕರುಳು ಹಿಂಡುವ ಜಾಗ ಇದೇ.

ತೆಂಕುತಿಟ್ಟಿನ ರಂಗದಲ್ಲಿ ಅಲ್ಲಿಯವರೆಗೆ ಕಿವಿ ತುಂಬಿದ್ದ ಚೆಂಡೆ ಇಲ್ಲಿ ಸುಮ್ಮನಾಗುತ್ತದೆ. ಮದ್ದಳೆಯ ಮೆಲುನುಡಿತದ ಮೇಲೆ ಭಾಗವತರು ನೀಲಾಂಬರಿಯನ್ನೋ ಮುಖಾರಿಯನ್ನೋ ಎಳೆಎಳೆಯಾಗಿ ಬಿಡಿಸುತ್ತಾರೆ. ಒಂದು ಆಟದಲ್ಲಿ ಹಿರಿಯ ಸ್ತ್ರೀವೇಷಧಾರಿಯೊಬ್ಬರು ಪದ ಮುಗಿದ ಮೇಲೂ ಅರ್ಥದ ಮಾತು ಎತ್ತಿಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಮಗನ ಬಾಯಂಚಿನ ನೊರೆ ಒರೆಸಿದರು. ಆ ಸೆರಗನ್ನೇ ನೋಡಿದರು. ಮತ್ತೆ ಅದರ ಶುಭ್ರವಾದ ಭಾಗ ಹುಡುಕಿ ಹುಡುಗನ ಪಾದದ ಮಣ್ಣು ಒರೆಸತೊಡಗಿದರು. ಮಾತೇ ಇಲ್ಲದ ಆ ಕೆಲಸದಲ್ಲಿ ತಾಯ್ತನವೆಲ್ಲ ಇತ್ತು.

ಕುಂದುಗಳಿರಲಿಲ್ಲವೆಂದಲ್ಲ. ‘ಹೆಣ’ದ ಎದೆ ಏರಿಳಿಯುತ್ತಿತ್ತು; ಸೊಳ್ಳೆ ಕಚ್ಚಿದಾಗ ಕಾಲ್ಬೆರಳು ಮಿಸುಕಿತು. ಪರರ ಮನೆಯ ದಾಸಿಯಾಗಿದ್ದವಳ ಮುಡಿಯಲ್ಲಿ ಹೊಸ ಮಲ್ಲಿಗೆ, ಮೈಮೇಲೆ ಜರಿ ಸೀರೆ. ಈಗ ಆಟಗಳು ನೇರಪ್ರಸಾರವಾಗುವುದರಿಂದ ಕ್ಯಾಮೆರಾ ಇಂಥವನ್ನೆಲ್ಲ ಹತ್ತಿರದಿಂದ ತೋರಿಸುತ್ತದೆ. ಆದರೆ ಸತ್ತವನನ್ನು ಸತ್ತಂತೆಯೇ ತೋರಿಸುತ್ತೇನೆಂದು ಯಕ್ಷಗಾನ ಎಂದೂ ಮಾತು ಕೊಟ್ಟಿಲ್ಲ. ಅದರ ಶೋಕ ಇರುವುದು ರಾಗದಲ್ಲಿ, ಕೈಯ ಚಲನೆಯಲ್ಲಿ. ಹುಡುಗ ಉಸಿರಾಡುತ್ತಿದ್ದರೂ ನನ್ನ ಕಣ್ಣು ತುಂಬಿತು.

ಮನಸ್ಸಿಗೆ ಚುಚ್ಚಿದ ಕೊರತೆ ಬೇರೆಯೇ. ಹರಿಶ್ಚಂದ್ರ ಅರ್ಥ ಹೇಳಲು ತೊಡಗಿ ದೇಹದ ನಶ್ವರತೆ, ಕರ್ಮದ ಗತಿ ಎಂದು ವೇದಾಂತ ಬಿಚ್ಚಿದ. ಮಾತು ಚೆನ್ನಾಗಿತ್ತು, ಚಪ್ಪಾಳೆಯೂ ಬಿತ್ತು. ಆದರೆ ಎದುರಿಗೆ ಕೂತಿದ್ದ ತಾಯಿಯ ದುಃಖ ಅಷ್ಟರಲ್ಲಿ ತಣ್ಣಗಾಗಿತ್ತು. ಕಾಲಮಿತಿಯ ಆಟಗಳಲ್ಲಿ ಇದು ಇನ್ನೂ ದುಬಾರಿ: ವಾಗ್ವಾದ ನುಂಗಿದ ಹೊತ್ತಿಗೆ ಕತ್ತರಿ ಬೀಳುವುದು ಪದಗಳಿಗೇ.

ಮಲ್ಲಿಗೆ ಮುಡಿಯಲ್ಲೇ ಇರಲಿ, ಹುಡುಗ ನಿರಾಳವಾಗಿ ಉಸಿರಾಡಲಿ. ಚಂದ್ರಮತಿಗೆ ಅಳಲು ಬೇಕಾದಷ್ಟು ಹೊತ್ತನ್ನು ಮಾತ್ರ ಯಾರೂ ಕಸಿಯಬಾರದು. ಅಷ್ಟು ಸಿಕ್ಕರೆ ಕರುಣರಸಕ್ಕೆ ಇದಕ್ಕಿಂತ ದೊಡ್ಡ ರಂಗಸ್ಥಳ ನಮ್ಮ ನಾಡಿನಲ್ಲಿಲ್ಲ ಎಂದೇ ನನ್ನ ನಂಬಿಕೆ.